ಗಡಿಪಾರು: ಆಚೆ ದಡ ಯಾರದು?

ಚುನಾವಣೆ ಘೋಷಣೆಯಾದರೆ ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಎರಡು ಸುದ್ದಿ ಜೋಡಿಯಾಗಿ ಓಡಾಡುತ್ತವೆ. ಟಿಕೆಟ್ ಯಾರಿಗೆ ಎಂಬುದು ಒಂದು. ರೌಡಿ ಪಟ್ಟಿಯಲ್ಲಿದ್ದವರ ಪೈಕಿ ಗಡಿಪಾರು ನೋಟಿಸ್ ಯಾರಿಗೆ ಬಂತು ಎಂಬುದು ಇನ್ನೊಂದು. ಯಾವಗಲ್ಲಿನ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದ ಹಿರಿಯರೊಬ್ಬರಿಗೆ ಒಂದೇ ಪುಟದಲ್ಲಿ ಎರಡು ಗಡಿಪಾರು ಕಂಡವು. ಮೇಲಿನದು ಗದಗ ಜಿಲ್ಲೆಯವನೊಬ್ಬನನ್ನು ಆರು ತಿಂಗಳ ಮಟ್ಟಿಗೆ ಬೀದರಿಗೆ ಕಳಿಸಿದ ಸುದ್ದಿ. ಕೆಳಗಿನದು, ಬೆಂಗಳೂರಿನಲ್ಲಿ ಮಾದಕ ವಸ್ತು ಮಾರುತ್ತ ಸಿಕ್ಕಿಬಿದ್ದ ವಿದೇಶಿಯರನ್ನು ವಾಪಸ್ ಕಳಿಸಲಾಗುತ್ತಿಲ್ಲ ಎಂಬ ಸುದ್ದಿ. ಚಾಳೀಸು ಹಣೆಗೇರಿಸಿ ಅವರು ಕೇಳಿದರು: "ಅಲ್ರೀ, ನಮ್ಮ ಹುಡುಗನ್ನ ಒಂದ್ ಹಾಳಿ ಬರದು ಬೀದರಕ್ಕ ಒಗೀತಾರ. ಪರದೇಶದಾಂವನ್ನ ಅವನ ದೇಶಕ್ಕ ಒಗಿಯಾಕ ಇವ್ರಿಗೇನ್ ಧಾಡಿ ಆಗೇತಿ?"

ಪ್ರಶ್ನೆ ಸಣ್ಣದಲ್ಲ. ಕನ್ನಡ ಎರಡಕ್ಕೂ ಒಂದೇ ಪದ ಬಳಸುವುದರಿಂದಲೇ ಅದು ಹುಟ್ಟಿತು ಎನ್ನಬಹುದು. ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ. ಊರಿನ ಗಡಿಪಾರು ನಡೆಯುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಕಲಮಿನಡಿ. ಪೊಲೀಸರು ವರದಿ ಕೊಡುತ್ತಾರೆ, ಉಪವಿಭಾಗಾಧಿಕಾರಿ ನೋಟಿಸ್ ಕೊಟ್ಟು ವಿವರಣೆ ಕೇಳುತ್ತಾರೆ, ಆದೇಶ ಬರೆಯುತ್ತಾರೆ. ಆಮೇಲೆ ಜೀಪು ಹೊರಡುತ್ತದೆ. ಆದೇಶದಲ್ಲಿ ಕಾರಣ ಸರಿಯಾಗಿ ಬರೆಯದಿದ್ದರೆ ಹೈಕೋರ್ಟ್ ಅದನ್ನು ಹೊಡೆದುಹಾಕುವುದೂ ಉಂಟು, ಆ ಮಾತು ಬೇರೆ. ಗಮನಿಸಬೇಕಾದದ್ದು ಇಷ್ಟು: ಬೀದರದವರ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. "ನಿಮ್ಮ ಮೂಲಾ ನಮಗ್ಯಾಕ" ಎಂದು ಅವರು ಜೀಪನ್ನು ತಿರುಗಿಸಿ ಕಳಿಸುವಂತಿಲ್ಲ. ಇಲ್ಲಿಯ ಸರ್ಕಾರವೇ ಅಲ್ಲಿಯ ಸರ್ಕಾರ.

ಹಿಂದಿನ ಕರಿನೀರಿನ ಶಿಕ್ಷೆಯೂ ಹೀಗೆಯೇ ಇತ್ತು. 1858ರ ಮಾರ್ಚಿನಲ್ಲಿ ಬ್ರಿಟಿಷರು ಅಂಡಮಾನಿನಲ್ಲಿ ದಂಡನಾ ವಸಾಹತು ತೆರೆದರು. ಅದೇ ವರ್ಷ ಜೂನ್ 12ರಂದು, ತಮ್ಮ ವಿರುದ್ಧ ಬಂಡೆದ್ದ ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ದೇಶದ ನಾನಾ ಕಡೆ ಗಲ್ಲಿನಿಂದ ಪಾರಾದ ಬಂಡಾಯಗಾರರನ್ನು ಹಡಗು ಹತ್ತಿಸಿ ಕಡಲಾಚೆ ಇಳಿಸಿದರು. ಈ ದಡವೂ ರಾಣಿಯದು, ಆ ದಡವೂ ರಾಣಿಯದು. ಕೇಳುವವರು ಯಾರಿದ್ದರು?

ಪರದೇಶದ ಅಪರಾಧಿಯ ವಿಷಯಕ್ಕೆ ಬಂದರೆ ನಮ್ಮ ಕೈಯಲ್ಲಿರುವುದು ಈಚೆ ದಡ ಮಾತ್ರ. ಆಚೆ ದಡ ಇನ್ನೊಬ್ಬರದು. ಅಲ್ಲಿಯವರು "ಹೌದು, ಇವನು ನಮ್ಮವನು" ಎಂದು ಬರೆದುಕೊಡದಿದ್ದರೆ ದೋಣಿ ನಡುನೀರಿನಲ್ಲಿ ನಿಲ್ಲುತ್ತದೆ. ಈ ವಿಷಯದ ಮುಕ್ಕಾಲು ಪಾಲು ತೊಡಕು ಇದೊಂದೇ ಸಂಗತಿಯಿಂದ ಹುಟ್ಟಿದ್ದು. ಉಳಿದ ಕಾಲು ಪಾಲನ್ನು ನಾವೇ ಕೈಯಾರೆ ಮಾಡಿಕೊಂಡಿದ್ದೇವೆ.

ಹಾಗಂತ ನಮ್ಮ ಕಾನೂನಿಗೆ ಬಲವಿಲ್ಲ ಎಂದುಕೊಳ್ಳಬೇಡಿ. ಬಲ ಬೇಕಾದಷ್ಟಿದೆ. 1946ರ ವಿದೇಶಿಯರ ಕಾಯ್ದೆ ಸ್ವಾತಂತ್ರ್ಯಕ್ಕೂ ಮುಂಚಿನದು. ಯುದ್ಧಕಾಲದ ಅನುಮಾನ ಅದರ ಒಂದೊಂದು ಸಾಲಿನಲ್ಲೂ ಇತ್ತು. ತಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನೂ ಅದು ಆರೋಪಿಯ ತಲೆಗೇ ಕಟ್ಟಿತ್ತು. 1955ರಲ್ಲಿ ಪಶ್ಚಿಮ ಜರ್ಮನಿಯ ಹಾನ್ಸ್ ಮುಲ್ಲರ್ ಎಂಬಾತ, ತನ್ನನ್ನು ಕಲ್ಕತ್ತೆಯಲ್ಲಿ ಹಿಡಿದಿಟ್ಟದ್ದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ. ವಿದೇಶಿಯನ್ನು ಹೊರಹಾಕುವ ಅಧಿಕಾರ ಸರ್ಕಾರಕ್ಕೆ ಅಬಾಧಿತವಾಗಿದೆ ಎಂದು ನ್ಯಾಯಾಲಯ ಹೇಳಿತು. ಹಸ್ತಾಂತರ ಬೇರೆ, ಹೊರಹಾಕುವುದು ಬೇರೆ ಎಂದೂ ಬಿಡಿಸಿ ಹೇಳಿತು. ಹಸ್ತಾಂತರವೆಂದರೆ ಇನ್ನೊಂದು ದೇಶ ತನಗೆ ಬೇಕಾದವನನ್ನು ಕೇಳಿ ಪಡೆಯುವುದು, ಹೊರಹಾಕುವುದೆಂದರೆ ನಮಗೆ ಬೇಡವಾದವನನ್ನು ನಾವೇ ಕಳಿಸುವುದು. 1937ರಿಂದ ಇಲ್ಲಿಯೇ ಇದ್ದ ಬೆಲ್ಜಿಯಂನ ಕ್ರೈಸ್ತ ಪಾದ್ರಿ ಲೂಯಿ ದ ರೇಟ್ ಅವರ ಪ್ರಕರಣದಲ್ಲಿ, 1991ರಲ್ಲಿ, ಅದೇ ನ್ಯಾಯಾಲಯ ಇನ್ನೊಂದು ಗೆರೆ ಎಳೆಯಿತು. ವಿದೇಶಿಗೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕುಂಟು, ಆದರೆ ಈ ದೇಶದಲ್ಲಿ ನೆಲೆಸುವ ಹಕ್ಕಿಲ್ಲ. ಸಂವಿಧಾನದ 14 ಮತ್ತು 21ನೇ ವಿಧಿಗಳು ಎಲ್ಲ ವ್ಯಕ್ತಿಗಳಿಗೂ ಸಲ್ಲುತ್ತವೆ, 19ನೇ ವಿಧಿ ನಾಗರಿಕರಿಗೆ ಮಾತ್ರ. ಈ ಸಣ್ಣ ಸಂದಿಯಲ್ಲೇ ಮುಂದಿನ ವ್ಯಾಜ್ಯವೆಲ್ಲ ನಡೆದಿದೆ.

2025ರಲ್ಲಿ ಸಂಸತ್ತು ವಲಸೆ ಮತ್ತು ವಿದೇಶಿಯರ ಕಾಯ್ದೆಯನ್ನು ತಂದು 1920, 1939, 1946 ಮತ್ತು 2000ದ ನಾಲ್ಕು ಹಳೆಯ ಕಾಯ್ದೆಗಳನ್ನು ಒಟ್ಟಿಗೆ ರದ್ದು ಮಾಡಿತು. ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ಪಾಸ್‌ಪೋರ್ಟ್ ವೀಸಾ ಇಲ್ಲದೆ ನುಗ್ಗಿದರೆ 5 ವರ್ಷದವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿವರೆಗೆ ದಂಡ. ಖೊಟ್ಟಿ ಪಾಸ್‌ಪೋರ್ಟ್ ಬಳಸಿದರೆ ಕನಿಷ್ಠ 2, ಗರಿಷ್ಠ 7 ವರ್ಷ. ವೀಸಾ ಮುಗಿದರೂ ಉಳಿದರೆ 3 ವರ್ಷದವರೆಗೆ. ಕಾಯ್ದೆ ಹೊಸದು, ಬರವಣಿಗೆ ಅಚ್ಚುಕಟ್ಟು. ಆದರೆ ಶಿಕ್ಷೆ ಹೆಚ್ಚಿಸಿದರೆ ವಿದೇಶಿ ಇನ್ನಷ್ಟು ದಿನ ನಮ್ಮ ಜೈಲಿನಲ್ಲೇ ಇರುತ್ತಾನೆ. ಕಳಿಸುವುದೇ ಗುರಿಯಾಗಿದ್ದರೆ ಇದು ಹಿಂದುಮುಂದಾದ ಲೆಕ್ಕ.

ಮೊದಲ ಗಂಟು ಇಲ್ಲಿಯೇ ಬಿದ್ದಿದೆ. ಅಪರಾಧ ಮಾಡಿದ ವಿದೇಶಿಯನ್ನು ಕಳಿಸಬೇಕು ಎಂದು ಬೀದಿ ಹೇಳುತ್ತದೆ. ಅಪರಾಧ ಮಾಡಿದವನು ಇಲ್ಲಿಯೇ ವಿಚಾರಣೆ ಎದುರಿಸಬೇಕು ಎಂದು ಕಾನೂನು ಹೇಳುತ್ತದೆ. 1948ರ ವಿದೇಶಿಯರ ಆದೇಶವಂತೂ, ಕ್ರಿಮಿನಲ್ ಆರೋಪಕ್ಕೆ ಉತ್ತರಿಸಬೇಕಾದ ವಿದೇಶಿಗೆ ದೇಶ ಬಿಡಲು ಅನುಮತಿಯನ್ನೇ ಕೊಡಬಾರದು ಎಂದಿತ್ತು. ಅದರ ಪರಿಣಾಮ ವಿಚಿತ್ರ. ವೀಸಾ ಮುಗಿದು ಸುಮ್ಮನೆ ಕೂತವನಿಗೆ ವಿದೇಶಿಯರ ನೋಂದಣಿ ಕಚೇರಿ (ಎಫ್‌ಆರ್‌ಆರ್‌ಒ) ದೇಶ ಬಿಡಲು ನೋಟಿಸ್ ಕೊಟ್ಟು ವಿಮಾನ ಹತ್ತಿಸಬಹುದು. ಅದೇ ಮನುಷ್ಯ ಯಾರದೋ ಮೊಬೈಲ್ ಕಸಿದು ಎಫ್‌ಐಆರ್ ಹಾಕಿಸಿಕೊಂಡರೆ ಕೇಸು ಮುಗಿಯುವ ತನಕ ಇಲ್ಲಿಯೇ. ಕೆಲವರು ಇದನ್ನು ತಿಳಿದೇ ಸಣ್ಣಪುಟ್ಟ ಕೇಸು ಮೈಮೇಲೆ ಎಳೆದುಕೊಳ್ಳುತ್ತಾರೆ ಎಂಬುದು ಬೆಂಗಳೂರು ಪೊಲೀಸರ ಹಳೆಯ ದೂರು.

ಈ ವಿದ್ಯೆಯ ಮಹಾಗುರು ಚಾರ್ಲ್ಸ್ ಶೋಭರಾಜ್. ಸೈಗಾನಿನಲ್ಲಿ ಹುಟ್ಟಿದ ಈ ಫ್ರೆಂಚ್ ಪ್ರಜೆ 1976ರಿಂದ ತಿಹಾರ್ ಜೈಲಿನಲ್ಲಿದ್ದ. ಥಾಯ್ಲೆಂಡಿನಲ್ಲಿ ಅವನ ಮೇಲೆ ಕೊಲೆ ಕೇಸುಗಳಿದ್ದವು, ಅಲ್ಲಿ ಸಿಕ್ಕರೆ ಮರಣದಂಡನೆ. ಆದರೆ ಅಲ್ಲಿಯ ಕಾನೂನಿನಲ್ಲಿ ಆ ಆರೋಪಗಳಿಗೆ ಇಪ್ಪತ್ತು ವರ್ಷದ ಕಾಲಮಿತಿ ಇತ್ತು. ಭಾರತದಲ್ಲಿ ಶಿಕ್ಷೆ ಮುಗಿಯುತ್ತ ಬಂದಾಗ, 1986ರ ಮಾರ್ಚಿನಲ್ಲಿ, ಕಾವಲುಗಾರರಿಗೆ ಮತ್ತು ಬರಿಸುವ ತಿಂಡಿ ತಿನ್ನಿಸಿ ಜೈಲಿನಿಂದ ಹೊರಬಿದ್ದ. ಮುಂದಿನ ತಿಂಗಳು ನಮ್ಮ ಪಕ್ಕದ ಗೋವಾದಲ್ಲಿ, ಪರ್ವರಿಯ ಹೋಟೆಲೊಂದರಲ್ಲಿ, ಮುಂಬಯಿ ಪೊಲೀಸರಿಗೆ ಸಿಕ್ಕಿಬಿದ್ದ. ತಪ್ಪಿಸಿಕೊಂಡ ಅಪರಾಧಕ್ಕೆ ಶಿಕ್ಷೆ ಬೆಳೆಯಿತು. 1997ರಲ್ಲಿ ಹೊರಬರುವಷ್ಟರಲ್ಲಿ ಥಾಯ್ಲೆಂಡಿನ ಕಾಲಮಿತಿ ದಾಟಿಹೋಗಿತ್ತು. ಭಾರತ ಅವನನ್ನು ಫ್ರಾನ್ಸಿಗೆ ಕಳಿಸಿತು, ಅಲ್ಲಿ ಅವನು ಆರಾಮವಾಗಿ ಓಡಾಡಿಕೊಂಡಿದ್ದ. ಜೈಲನ್ನೇ ಕೋಟೆ ಮಾಡಿಕೊಂಡು ಕೂತವನು ಇವನು. 2003ರಲ್ಲಿ ತಾನಾಗಿ ನೇಪಾಳಕ್ಕೆ ಹೋಗಿ ಸಿಕ್ಕಿಬೀಳದಿದ್ದರೆ ಕೊಲೆಗಳಿಗೆ ಶಿಕ್ಷೆಯೇ ಆಗುತ್ತಿರಲಿಲ್ಲ. ಅಲ್ಲಿಯ ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ, ಬಿಡುಗಡೆ ಮಾಡಿ ಹದಿನೈದು ದಿನದೊಳಗೆ ದೇಶದಿಂದ ಕಳಿಸಿ ಎಂದು ಆದೇಶಿಸಿತು. ಕಳಿಸಿದರು. ಫ್ರಾನ್ಸ್ ತನ್ನವನು ಎಂದು ಒಪ್ಪಿಕೊಂಡಿದ್ದರಿಂದ ಅದು ಸಲೀಸಾಯಿತು.

ಎಲ್ಲ ಅಪರಾಧವೂ ಮೊಬೈಲ್ ಕಳವಲ್ಲ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ರಾಮಮೂರ್ತಿನಗರದ ಪ್ರಕರಣ ನೆನಪಿರಬಹುದು. ಬಾಂಗ್ಲಾದೇಶದ ಯುವತಿಯ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದವರಲ್ಲಿ ಹೆಚ್ಚಿನವರು ಅದೇ ದೇಶದಿಂದ ಅಕ್ರಮವಾಗಿ ಬಂದವರು. ಪೊಲೀಸರು ಬೇಗ ದೋಷಾರೋಪ ಪಟ್ಟಿ ಸಲ್ಲಿಸಿದರು, ಒಂದು ವರ್ಷದಲ್ಲಿ ತೀರ್ಪು ಬಂತು, ಏಳು ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ಇಂಥವರನ್ನು ಕೂಡಲೇ ಗಡಿ ದಾಟಿಸುವುದು ಶಿಕ್ಷೆಯೋ ಬಿಡುಗಡೆಯೋ? ಆಚೆ ಹೋದವನು ಎರಡು ದಿನದಲ್ಲಿ ಊರಿನ ಚಹಾದಂಗಡಿಯಲ್ಲಿ ಕೂತಿರುತ್ತಾನೆ. ಇಂಥ ಅಪರಾಧಕ್ಕೆ ಇಲ್ಲಿಯೇ ಶಿಕ್ಷೆಯಾಗಬೇಕು, ಆ ಖರ್ಚು ನ್ಯಾಯದ ಖರ್ಚು ಎಂದು ಸಹಿಸಬೇಕು ಎಂಬುದು ನನ್ನ ಅಭಿಪ್ರಾಯ. ಗಡಿಪಾರು ಎಂಬ ಕೂಗಿನಲ್ಲಿ ಈ ವ್ಯತ್ಯಾಸ ಮುಳುಗಿಹೋಗುತ್ತದೆ.

ಜಾಮೀನಿನದು ಇನ್ನೊಂದು ಸಿಕ್ಕು. ಮಾದಕ ವಸ್ತು ವಾಣಿಜ್ಯ ಪ್ರಮಾಣದಲ್ಲಿ ಸಿಕ್ಕರೆ ಕನಿಷ್ಠ ಹತ್ತು ವರ್ಷ ಶಿಕ್ಷೆ, ಜಾಮೀನು ಸಿಗುವುದೇ ದುರ್ಲಭ. ಸಿಕ್ಕರೂ ವಿದೇಶಿ ಓಡಿಹೋಗದಂತೆ ನೋಡಿಕೊಳ್ಳುವುದು ಹೇಗೆ? ದೆಹಲಿ ಹೈಕೋರ್ಟ್ ನೈಜೀರಿಯಾದ ಆರೋಪಿಯೊಬ್ಬನಿಗೆ, ಗೂಗಲ್ ನಕ್ಷೆಯಲ್ಲಿ ನೀನಿರುವ ಜಾಗವನ್ನು ತನಿಖಾಧಿಕಾರಿಗೆ ಸದಾ ಕಾಣುವಂತೆ ಇಡು ಎಂದು ಷರತ್ತು ಹಾಕಿತು. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಜಾಮೀನು ಪಡೆದವನ ಖಾಸಗಿತನದೊಳಗೆ ಪೊಲೀಸರು ಇಣುಕುತ್ತ ಕೂರುವಂತಿಲ್ಲ ಎಂದಿತು. ಕೆಲವು ತಿಂಗಳ ನಂತರ ಅದೇ ಪ್ರಕರಣದಲ್ಲಿ, ವಿದೇಶಿಗೆ ಜಾಮೀನು ಕೊಟ್ಟ ಕೂಡಲೇ ನೋಂದಣಿ ಅಧಿಕಾರಿಗೆ ತಿಳಿಸಬೇಕು ಎಂದೂ ಹೇಳಿತು.

ತಿಳಿಸಿದರೆ ಏನಾಗುತ್ತದೆ? ಕರ್ನಾಟಕದಲ್ಲಾದರೆ ನೆಲಮಂಗಲದ ಕಡೆಯ ಸೊಂಡೆಕೊಪ್ಪದ ದಾರಿ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿದ್ದ ಕಟ್ಟಡಕ್ಕೆ ಎತ್ತರದ ಗೋಡೆ, ಕಾವಲು ಗೋಪುರ, ತಂತಿ ಬೇಲಿ ಹಾಕಿ 2019ರ ಕೊನೆಯ ಹೊತ್ತಿಗೆ ವಿದೇಶಿಯರ ಬಂಧನ ಕೇಂದ್ರ ಮಾಡಿದರು. ಬಡ ಮಕ್ಕಳು ಪುಸ್ತಕ ಹಿಡಿದು ಓಡಾಡಬೇಕೆಂದು ಕಟ್ಟಿದ ಕೋಣೆಗಳು. 2020ರ ಮೇ ತಿಂಗಳಲ್ಲಿ ಬಾಂಗ್ಲಾದೇಶಿಯರ ಜಾಮೀನು ಅರ್ಜಿಯೊಂದರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು ರಾಜ್ಯಕ್ಕೆ ದೊಡ್ಡದೊಂದು ಮಾರ್ಗಸೂಚಿಯನ್ನೇ ಕೊಟ್ಟರು. ಸಿಂಧುವಾದ ದಾಖಲೆ ಇಲ್ಲದ ವಿದೇಶಿಗೆ ಜಾಮೀನು ಸಿಕ್ಕರೂ ಹೊರಗೆ ಬಿಡದೆ ಬಂಧನ ಕೇಂದ್ರದಲ್ಲಿ ಇಡಬೇಕು, ಹೆಂಗಸರು ಮಕ್ಕಳನ್ನು ಮನುಷ್ಯರಂತೆ ನೋಡಿಕೊಳ್ಳಬೇಕು, ವಿಚಾರಣೆ ಬೇಗ ಮುಗಿಸಬೇಕು, ಕಳಿಸುವ ಪ್ರಕ್ರಿಯೆಯನ್ನು ಬಂಧನವಾದಾಗಿನಿಂದಲೇ ಶುರುಮಾಡಬೇಕು ಎಂಬುದು ಅದರ ಸಾರ. ಆ ಕೊನೆಯ ಮಾತು ಬಂಗಾರದಂಥದು. ಪಾಲಿಸುವವರು ಬೇಕು.

ಎರಡನೇ ಗಂಟು ಆಚೆ ದಡದ್ದು. ಶಿಕ್ಷೆ ಮುಗಿಯಿತು, ಕಳಿಸೋಣ. ಎಲ್ಲಿಗೆ? ಪಾಸ್‌ಪೋರ್ಟ್ ಹರಿದೊಗೆದವನು ತನ್ನ ದೇಶದ ಹೆಸರನ್ನೇ ಸುಳ್ಳು ಹೇಳಬಹುದು. ಅವನ ವಿವರ ರಾಜ್ಯದಿಂದ ಕೇಂದ್ರಕ್ಕೆ, ಅಲ್ಲಿಂದ ವಿದೇಶಾಂಗ ಇಲಾಖೆಗೆ, ಅಲ್ಲಿಂದ ರಾಯಭಾರ ಕಚೇರಿಗೆ, ಅಲ್ಲಿಂದ ಆ ದೇಶದ ಯಾವುದೋ ಹಳ್ಳಿಯ ಠಾಣೆಗೆ ಹೋಗಬೇಕು. ಅಷ್ಟೂ ಮೆಟ್ಟಿಲು ಇಳಿದು ಉತ್ತರ ಬರಬೇಕು. 2009ರ ಕೇಂದ್ರ ಸುತ್ತೋಲೆಯೊಂದು ಬಾಂಗ್ಲಾದೇಶಿಯರ ವಿಷಯದಲ್ಲಿ ಇದೆಲ್ಲ 30 ದಿನದಲ್ಲಿ ಮುಗಿಯಬೇಕು ಎಂದಿದೆ. ಆ ಸುತ್ತೋಲೆಯನ್ನು ಹಿಡಿದೇ ಸುಪ್ರೀಂ ಕೋರ್ಟ್ 2025ರ ಆರಂಭದಲ್ಲಿ, ಶಿಕ್ಷೆ ಮುಗಿದವರು ಬಂಗಾಳದ ಜೈಲುಗಳಲ್ಲಿ ಇನ್ನೂ ಯಾಕಿದ್ದಾರೆ ಎಂದು ಕೇಳಿತು. ಅದೇ ವರ್ಷ ಫೆಬ್ರವರಿ 4ರಂದು ಅಸ್ಸಾಂ ಸರ್ಕಾರಕ್ಕೂ ಬಿಸಿ ಮುಟ್ಟಿತು. ಮಾತಿಯಾ ಕೇಂದ್ರದಲ್ಲಿದ್ದ 63 ಮಂದಿಯ ವಿದೇಶಿ ವಿಳಾಸ ಗೊತ್ತಿಲ್ಲ, ಅದಕ್ಕೇ ಕಳಿಸಿಲ್ಲ ಎಂದು ಸರ್ಕಾರ ಹೇಳಿದಾಗ, ಮುಹೂರ್ತಕ್ಕೆ ಕಾಯುತ್ತಿದ್ದೀರಾ ಎಂದು ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಕುಟುಕಿತು. ವಿಳಾಸ ಗೊತ್ತಿಲ್ಲದಿದ್ದರೆ ಆ ದೇಶದ ರಾಜಧಾನಿಗೆ ಕಳಿಸಿ ಎಂದಿತು. ನ್ಯಾಯಾಲಯದ ಅಸಹನೆ ಅರ್ಥವಾಗುತ್ತದೆ. ಆದರೆ ಢಾಕಾದವರು ಬಾಗಿಲು ತೆಗೆಯದಿದ್ದರೆ ರಾಜಧಾನಿಯ ವಿಳಾಸವೂ ವಿಳಾಸವಲ್ಲ.

ಬಾಗಿಲು ತೆಗೆಯದಿದ್ದಾಗ ಸರ್ಕಾರಗಳಿಗೆ ಹಿತ್ತಲ ದಾರಿ ನೆನಪಾಗುತ್ತದೆ. 2019ರ ಅಕ್ಟೋಬರಿನಲ್ಲಿ ಬೆಂಗಳೂರು ಪೊಲೀಸರು ಚಿಂದಿ ಆಯುವವರ ಗುಡಿಸಲುಗಳಿಂದ ಸುಮಾರು ಅರವತ್ತು ಬಾಂಗ್ಲಾದೇಶಿಯರನ್ನು ಹಿಡಿದರು. ನವೆಂಬರಿನಲ್ಲಿ 59 ಮಂದಿಯನ್ನು, ಮಕ್ಕಳನ್ನೂ ಸೇರಿಸಿ, ಪೊಲೀಸ್ ಕಾವಲಿನಲ್ಲಿ ರೈಲಿಗೆ ಹತ್ತಿಸಿ ಹೌರಾಕ್ಕೆ ಕರೆದೊಯ್ದರು. ಕೇಸು, ತೀರ್ಪು, ರಾಯಭಾರ ಕಚೇರಿಯ ಉತ್ತರ ಯಾವುದಕ್ಕೂ ಕಾಯದೆ ಗಡಿಯಲ್ಲಿ ಆಚೆ ತಳ್ಳುವುದು ಉದ್ದೇಶ. ನಾಗರಿಕ ಹಕ್ಕುಗಳ ಸಂಘಟನೆಗಳು ಆಕ್ಷೇಪ ಎತ್ತಿದವು. ಬೀದರಕ್ಕೆ ಒಗೆದಂತೆ ಒಗೆಯುವ ಪ್ರಯೋಗ ಎಂದು ಬೇಕಾದರೆ ಇದನ್ನು ಕರೆಯಬಹುದು. ಇದರ ಅಪಾಯ ಏನೆಂದು 2025ರಲ್ಲಿ ಗೊತ್ತಾಯಿತು. ದೆಹಲಿಯಲ್ಲಿ ದುಡಿಯುತ್ತಿದ್ದ ಪಶ್ಚಿಮ ಬಂಗಾಳದ ಬಸುರಿ ಹೆಂಗಸೊಬ್ಬರನ್ನು ಮಗನೊಂದಿಗೆ ಜೂನ್ ತಿಂಗಳಲ್ಲಿ ಬಾಂಗ್ಲಾದೇಶಕ್ಕೆ ತಳ್ಳಿದ್ದರು. ಆಕೆ ಅಲ್ಲಿ ಅಕ್ರಮವಾಗಿ ನುಗ್ಗಿದ ವಿದೇಶಿ ಎಂದು ಜೈಲು ಸೇರಿದರು. ವಾಪಸ್ ಕರೆತನ್ನಿ ಎಂದು ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರಿನಲ್ಲಿ ಆದೇಶಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಡಿಸೆಂಬರಿನಲ್ಲಿ ಆಕೆ ಮಗನ ಕೈ ಹಿಡಿದು ಈಚೆ ಬಂದರು. ಕಾಗದಪತ್ರದ ಅಷ್ಟೂ ಮೆಟ್ಟಿಲು ವ್ಯರ್ಥ ಕಾಲಹರಣ ಎಂದು ನಮಗೆ ಅನ್ನಿಸುತ್ತದಲ್ಲ, ನಮ್ಮವರನ್ನೇ ನಾವು ಹೊರಗೆ ದಬ್ಬದಂತೆ ತಡೆಯುವುದೂ ಅದೇ ಮೆಟ್ಟಿಲು.

ಕೆಲವು ಸಲ ಎಲ್ಲ ಸಲೀಸಾಗಿಯೂ ಆಗುತ್ತದೆ. 2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪಾಕಿಸ್ತಾನದ ಯುವತಿಯೊಬ್ಬಳು ಸಿಕ್ಕಳು. ಮೊಬೈಲ್ ಲೂಡೋದಲ್ಲಿ ಪರಿಚಯವಾದ ಉತ್ತರ ಪ್ರದೇಶದ ಹುಡುಗನನ್ನು ಮದುವೆಯಾಗಿ ನೇಪಾಳದ ಮೂಲಕ ಬಂದಿದ್ದಳು. ಫೆಬ್ರವರಿಯಲ್ಲಿ ಅಟ್ಟಾರಿ ಗಡಿಯಲ್ಲಿ ಅವಳನ್ನು ಒಪ್ಪಿಸಿದರು. ಎರಡು ದೇಶಗಳ ನಡುವೆ ಮಾತೇ ಇಲ್ಲದ ಕಾಲ ಅದು. ಆದರೂ ಅವಳು ಯಾರೆಂಬುದರಲ್ಲಿ ಸಂಶಯವಿರಲಿಲ್ಲ, ಆಚೆಯವರು ಬೇಡ ಎನ್ನಲಿಲ್ಲ.

ಗೋಕರ್ಣದ ಪ್ರಕರಣ ಇದಕ್ಕೆ ತದ್ವಿರುದ್ಧ. 2025ರ ಜುಲೈಯಲ್ಲಿ ರಾಮತೀರ್ಥದ ಗುಡ್ಡದಲ್ಲಿ ಗಸ್ತು ತಿರುಗುತ್ತಿದ್ದ ಪೊಲೀಸರಿಗೆ ಗುಹೆಯ ಬಾಯಲ್ಲಿ ಒಣಗಹಾಕಿದ ಬಟ್ಟೆ ಕಂಡವು. ಒಳಗೆ ರಷ್ಯದ ತಾಯಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ತಾಯಿಯ ವೀಸಾ 2017ರಲ್ಲೇ ಮುಗಿದಿತ್ತು. ಅಪರಾಧವೆಂದರೆ ಅಷ್ಟೇ. ಅವರನ್ನು ತುಮಕೂರಿನ ದಿಬ್ಬೂರಿನಲ್ಲಿರುವ ಮಹಿಳಾ ವಿದೇಶಿಯರ ಕೇಂದ್ರಕ್ಕೆ ಕರೆದೊಯ್ದರು. ಕಳಿಸಿದರೆ ಮುಗಿಯಿತು ಎಂದುಕೊಂಡರೆ, ಒಂದು ಮಗುವಿಗೆ ಯಾವ ದೇಶದ ಕಾಗದವೂ ಇಲ್ಲ. ಮಕ್ಕಳ ಹಿತವನ್ನು ನೋಡದೆ ಕಳಿಸಬಾರದು ಎಂದು ಹೈಕೋರ್ಟ್ ತಡೆ ಕೊಟ್ಟಿತು. ಮಕ್ಕಳ ತಂದೆ ತಾನು ಎಂದು ಇಸ್ರೇಲಿನ ಪ್ರಜೆಯೊಬ್ಬರು ಮುಂದೆ ಬಂದು, ಕಳಿಸಬೇಡಿ ಎಂದರು. ಕೊನೆಗೆ ರಷ್ಯದ ದೂತಾವಾಸ ತುರ್ತು ಪ್ರಯಾಣದ ದಾಖಲೆ ಕೊಟ್ಟಿತು. ಮರಳುವ ಇಚ್ಛೆ ತಾಯಿಗೇ ಇತ್ತು. ಸೆಪ್ಟೆಂಬರ್ ಕೊನೆಯಲ್ಲಿ ಹೈಕೋರ್ಟ್ ಒಪ್ಪಿತು. ಯಾರಿಗೂ ಕೆಡುಕು ಮಾಡದ, ಹೋಗಲು ತಯಾರಿದ್ದ, ಸ್ವಂತ ದೇಶವೂ ಒಪ್ಪಿದ ಮೂವರ ವಿಷಯಕ್ಕೆ ಎರಡೂವರೆ ತಿಂಗಳು ಬೇಕಾಯಿತು. ಹೋಗಲು ಮನಸ್ಸಿಲ್ಲದ, ಸುಳ್ಳು ಹೆಸರಿನ, ಮೂರು ಕೇಸಿನ ಮನುಷ್ಯನಿಗೆ ಎಷ್ಟು ಬೇಕು ಎಂದು ನೀವೇ ಲೆಕ್ಕ ಹಾಕಿ.

ಜಗತ್ತಿನ ಶ್ರೀಮಂತ ದೇಶಗಳೂ ಇಲ್ಲಿ ಬೆವರಿವೆ. ಬ್ರಿಟನ್ನಿನಲ್ಲಿ 1,023 ವಿದೇಶಿ ಕೈದಿಗಳನ್ನು, ಕಳಿಸಬೇಕೇ ಬೇಡವೇ ಎಂದು ಯೋಚಿಸದೆಯೇ ಬಿಡುಗಡೆ ಮಾಡಿದ್ದು 2006ರಲ್ಲಿ ಬಯಲಾಗಿ ಗೃಹ ಸಚಿವ ಚಾರ್ಲ್ಸ್ ಕ್ಲಾರ್ಕ್ ಹುದ್ದೆ ಕಳೆದುಕೊಂಡರು. ಮರುವರ್ಷವೇ ಕಾಯ್ದೆ ಬಂತು: ಹನ್ನೆರಡು ತಿಂಗಳು ಅಥವಾ ಮೇಲ್ಪಟ್ಟು ಶಿಕ್ಷೆಯಾದ ವಿದೇಶಿಗೆ ಗಡಿಪಾರು ತಾನಾಗಿಯೇ ಆಗಬೇಕು. ಆದರೂ ಮಾನವ ಹಕ್ಕಿನ ವಿನಾಯಿತಿಗಳನ್ನು ಹಿಡಿದು ಮೇಲ್ಮನವಿಗಳು ನಿಲ್ಲಲಿಲ್ಲ. ಆ ವಿನಾಯಿತಿಗಳ ಹಿಂದೆ ನಮ್ಮ ದೇಶದ ಹೆಸರೂ ಇದೆ. ಕರಮ್‌ಜಿತ್ ಸಿಂಗ್ ಚಾಹಲ್ ಎಂಬ ಸಿಖ್ ಹೋರಾಟಗಾರನನ್ನು ಭಾರತಕ್ಕೆ ಕಳಿಸಲು ಬ್ರಿಟನ್ ಆರು ವರ್ಷ ಜೈಲಿನಲ್ಲಿಟ್ಟು ಹೆಣಗಿತು. ಭಾರತದಲ್ಲಿ ಚಿತ್ರಹಿಂಸೆಯ ಭಯವಿದೆ, ಕಳಿಸುವಂತಿಲ್ಲ ಎಂದು 1996ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿತು. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಮರುವರ್ಷ ಸಹಿ ಹಾಕಿದ ನಾವು ಅದನ್ನು ಇನ್ನೂ ಅನುಮೋದಿಸಿಲ್ಲ. ವಿದೇಶಕ್ಕೆ ಓಡಿದ ನಮ್ಮ ಆರೋಪಿಗಳ ವಕೀಲರು ಅಲ್ಲಿಯ ನ್ಯಾಯಾಲಯಗಳಲ್ಲಿ ಮೊದಲು ಎತ್ತಿ ತೋರಿಸುವುದು ನಮ್ಮ ಜೈಲುಗಳ ಸ್ಥಿತಿಯನ್ನೇ. ಆಚೆ ದಡದವರಾಗಿ ನಾವೂ ಯಾರಿಗೋ ತೊಡಕಾಗಿದ್ದೇವೆ ಎಂಬುದನ್ನು ಮರೆಯಬಾರದು.

ಯಾರೂ ಒಪ್ಪಿಕೊಳ್ಳದವನನ್ನು ಎಷ್ಟು ದಿನ ಕೂಡಿಹಾಕಬಹುದು? ಆರು ತಿಂಗಳಾದ ಮೇಲೆ, ಕಳಿಸುವ ಸಾಧ್ಯತೆಯೇ ಕಾಣದಿದ್ದರೆ, ಸಾಮಾನ್ಯವಾಗಿ ಬಿಡಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಅದರ ಮುಂದಿದ್ದವನು ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ ಲಿಥುವೇನಿಯಾ ಮೂಲದವರಿಗೆ ಹುಟ್ಟಿದ ಅಪರಾಧಿ. ಎರಡೂ ದೇಶ ಅವನನ್ನು ಬೇಡವೆಂದಿದ್ದವು. ಆಸ್ಟ್ರೇಲಿಯಾದ ಹೈಕೋರ್ಟ್ 2023ರ ನವೆಂಬರಿನಲ್ಲಿ ಇಂಥದೇ ಮಾತು ಹೇಳಿತು. ಆ ಪ್ರಕರಣದವನು ಮಗುವಿನ ಮೇಲೆ ಲೈಂಗಿಕ ಅಪರಾಧ ಮಾಡಿ ಶಿಕ್ಷೆ ಅನುಭವಿಸಿದ, ದೇಶವಿಲ್ಲದ ರೋಹಿಂಗ್ಯಾ. ತೀರ್ಪಿನ ಬೆನ್ನಿಗೇ ಅಂಥ ಹಲವರು ಹೊರಬಂದರು, ಸರ್ಕಾರದ ಮರ್ಯಾದೆ ಹೋಯಿತು. ನಮ್ಮಲ್ಲಿ 2021ರ ಏಪ್ರಿಲ್‌ನಲ್ಲಿ ಜಮ್ಮುವಿನ ರೋಹಿಂಗ್ಯಾಗಳ ಗಡಿಪಾರಿಗೆ ತಡೆ ಕೊಡಲು ಸುಪ್ರೀಂ ಕೋರ್ಟ್ ನಿರಾಕರಿಸಿತು, ಆದರೆ ನಿಗದಿತ ಕ್ರಮ ಪಾಲಿಸದೆ ಕಳಿಸಬೇಡಿ ಎಂದಿತು. ಕ್ರಮ ಪಾಲಿಸಿದರೂ ಮ್ಯಾನ್ಮಾರ್ ತೆಗೆದುಕೊಳ್ಳಬೇಕಲ್ಲ. ಎಷ್ಟು ದಿನ ಕೂಡಿಹಾಕಬಹುದು ಎಂಬ ಪ್ರಶ್ನೆಗೆ ನಮ್ಮ ಹೊಸ ಕಾಯ್ದೆಯಲ್ಲಿ ಗಡುವಿನ ಸಾಲು ಇಲ್ಲ. ಅದರ ದೊಡ್ಡ ಕೊರತೆ ಇದೇ ಎಂದು ನನಗೆ ತೋರುತ್ತದೆ.

ರಾಜಕೀಯಕ್ಕೆ ಬರೋಣ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿದೇಶಿಯರು, ದೇಶದಿಂದ ಹೊರಹಾಕುವುದು, ವೀಸಾ ಎಲ್ಲ ಕೇಂದ್ರದ ಪಟ್ಟಿಯಲ್ಲಿವೆ. ಪೊಲೀಸು ಮತ್ತು ಜೈಲು ರಾಜ್ಯದ ಪಟ್ಟಿಯಲ್ಲಿ. 1958ರಲ್ಲೇ ಕೇಂದ್ರ ತನ್ನ ಅಧಿಕಾರವನ್ನು ರಾಜ್ಯಗಳಿಗೂ ವಹಿಸಿಕೊಟ್ಟಿದೆ. ಹೀಗಾಗಿ ಬೈಯಲು ಇಬ್ಬರೂ ಸಿಗುತ್ತಾರೆ, ಹೊಣೆ ಹೊರಲು ಒಬ್ಬರೂ ಸಿಗುವುದಿಲ್ಲ. ನೀವು ಒಳಗೆ ಬಿಟ್ಟಿರಿ ಎಂದು ಬೆಂಗಳೂರು, ನೀವು ಹಿಡಿಯಲಿಲ್ಲ ಎಂದು ದೆಹಲಿ. ಅತ್ತ ದೊಡ್ಡ ದೇಶದ ಒತ್ತಡ ಬಂದರೆ ಕಾನೂನು ತಟ್ಟನೆ ಮೆತ್ತಗಾಗುತ್ತದೆ. 1995ರಲ್ಲಿ ಪುರುಲಿಯಾದಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಉದುರಿಸಿದ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ವಿಮಾನ ಸಿಬ್ಬಂದಿಗೆ, ರಷ್ಯದ ಕೋರಿಕೆಯ ಮೇರೆಗೆ, 2000ದಲ್ಲಿ ಕ್ಷಮಾದಾನ ಸಿಕ್ಕಿತು. 2004ರಲ್ಲಿ ಅದೇ ಪ್ರಕರಣದ ಬ್ರಿಟನ್ನಿನ ಪೀಟರ್ ಬ್ಲೀಚ್‌ಗೂ ಸಿಕ್ಕಿತು. ಚಿಂದಿ ಆಯುವವರ ಪರವಾಗಿ ಫೋನ್ ಮಾಡುವ ಪ್ರಧಾನಿ ಯಾರೂ ಇಲ್ಲ.

ಬೀದಿಯ ರಾಜಕೀಯ ಇನ್ನೂ ಒರಟು. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಗುದ್ದಿ ಸ್ಥಳೀಯ ಮಹಿಳೆ ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿದ್ದಿತು. ಅವಳಿಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. 2021ರ ಆಗಸ್ಟಿನಲ್ಲಿ ಜೆ.ಸಿ. ನಗರ ಠಾಣೆಯ ವಶದಲ್ಲಿದ್ದ ಕಾಂಗೋ ಪ್ರಜೆ ಸತ್ತಾಗ ಠಾಣೆಯ ಮುಂದೆ ಆಫ್ರಿಕನ್ನರು ಸೇರಿದರು, ಪೊಲೀಸರು ಲಾಠಿ ಬೀಸಿದರು. ಅಪರಾಧಿ ಎಂಬ ಪದ ಬಣ್ಣಕ್ಕೆ ಅಂಟಿಕೊಂಡ ಮೇಲೆ ಯಾವ ಕಾಯ್ದೆಯೂ ಸರಿಯಾಗಿ ನಡೆಯುವುದಿಲ್ಲ.

ನಮ್ಮವರೂ ಹೊರಗಿದ್ದಾರೆ. 2025ರ ಮಾರ್ಚಿನಲ್ಲಿ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ ಪರದೇಶದ ಜೈಲುಗಳಲ್ಲಿದ್ದ ಭಾರತೀಯರು 10,152. ಮಂಗಳೂರಿನ ಕಡೆಯ ಕಾರ್ಮಿಕನೊಬ್ಬ, ತನ್ನ ಹೆಸರಿನ ನಕಲಿ ಫೇಸ್‌ಬುಕ್ ಖಾತೆಯಲ್ಲಿ ಬಂದ ಬರಹಕ್ಕಾಗಿ ಸೌದಿಯಲ್ಲಿ ಹದಿನೈದು ವರ್ಷ ಶಿಕ್ಷೆಗೆ ಗುರಿಯಾದ. ಹೆಂಡತಿ ಕರ್ನಾಟಕ ಹೈಕೋರ್ಟಿನ ಬಾಗಿಲು ಬಡಿದರು. ತನಿಖೆಗೆ ಸಹಕರಿಸದಿದ್ದರೆ ನಿಮ್ಮ ವ್ಯವಹಾರವನ್ನೇ ಮುಚ್ಚಿಸಬೇಕಾದೀತು ಎಂದು 2023ರಲ್ಲಿ ಹೈಕೋರ್ಟ್ ಫೇಸ್‌ಬುಕ್ಕಿಗೆ ಎಚ್ಚರಿಕೆ ಕೊಟ್ಟಿತು. ಇಂಥವರಿಗಾಗಿಯೇ 2003ರಲ್ಲಿ ಕೈದಿಗಳ ಸ್ವದೇಶ ಮರಳಿಕೆ ಕಾಯ್ದೆ ಬಂದಿದೆ. ಒಪ್ಪಂದವಿರುವ ದೇಶಗಳ ನಡುವೆ ಶಿಕ್ಷೆಯ ಉಳಿದ ಭಾಗವನ್ನು ಕೈದಿ ತನ್ನ ದೇಶದ ಜೈಲಿನಲ್ಲಿ ಕಳೆಯಬಹುದು. ಸೌದಿ, ಯುಎಇ, ಬ್ರಿಟನ್, ಬಾಂಗ್ಲಾದೇಶಗಳ ಜೊತೆ ಒಪ್ಪಂದಗಳಿವೆ. ಮರಣದಂಡನೆಯಾದವರಿಗೆ ಅನ್ವಯಿಸುವುದಿಲ್ಲ, ಕೈದಿಯ ಒಪ್ಪಿಗೆ ಬೇಕು, ಎರಡೂ ಸರ್ಕಾರ ಒಪ್ಪಬೇಕು. ಅಪರಾಧಿ ಶಿಕ್ಷೆಯನ್ನೂ ತಪ್ಪಿಸಿಕೊಳ್ಳದೆ, ನಮ್ಮ ಜೈಲಿಗೂ ಭಾರವಾಗದೆ ಹೋಗುವ ದಾರಿ ಇದೊಂದೇ. ಇಷ್ಟು ಒಳ್ಳೆಯ ಕಾಯ್ದೆಯ ಹೆಸರನ್ನು ಯಾವ ಭಾಷಣದಲ್ಲೂ ನಾನು ಕೇಳಿಲ್ಲ.

ಸಣ್ಣ ಅಪರಾಧಗಳಿಗೂ ದಾರಿ ಇದೆ. ನ್ಯಾಯಾಲಯದ ಒಪ್ಪಿಗೆ ಪಡೆದು ಸರ್ಕಾರಿ ವಕೀಲರು ಮೊಕದ್ದಮೆ ಹಿಂಪಡೆಯುವ ಅವಕಾಶ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ವೀಸಾ ಮೀರಿದವನು, ಚಿಲ್ಲರೆ ಜಗಳದವನು, ಇವರ ಕೇಸು ಬಿಟ್ಟು, ಬೆರಳಚ್ಚು ಪಡೆದು, ಮತ್ತೆ ಬರದಂತೆ ಕಪ್ಪುಪಟ್ಟಿಗೆ ಹಾಕಿ ಕಳಿಸುವುದು ಲೇಸು. ಕೊಲೆ, ಅತ್ಯಾಚಾರ, ದೊಡ್ಡ ಮಾದಕ ಜಾಲದವರಿಗೆ ಇಲ್ಲಿಯೇ ಬೇಗ ವಿಚಾರಣೆ. ಎರಡು ಗುಂಪನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದಲೇ ಚೀಲ ಎತ್ತಲಾಗುತ್ತಿಲ್ಲ.

ಕಟ್ಟೆಯ ಹಿರಿಯರಿಗೆ ಇಷ್ಟೆಲ್ಲ ಹೇಳಲಾಗಲಿಲ್ಲ. "ಬೀದರದವ್ರು ಬ್ಯಾಡ ಅನ್ನಂಗಿಲ್ಲ ಅಜ್ಜಾರ, ಆ ದೇಶದವ್ರು ಅಂತಾರ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಅಂವಾ ಬಂದಾಗನ ಅವನ ಕಾಗದ ಇಸಗೊಂಡು ಇಟ್ಕೋಬೇಕಿತ್ತಲ್ಲ" ಎಂದರು.

ಕಾನೂನೂ ಅದನ್ನೇ ಹೇಳುತ್ತದೆ. ವಿದೇಶಿಯರಿಗೆ ಕೋಣೆ ಕೊಟ್ಟವರು, ಲಾಡ್ಜ್ ಇರಲಿ, ಹಾಸ್ಟೆಲ್ ಇರಲಿ, ಸ್ವಂತ ಮನೆಯ ಮಹಡಿ ಇರಲಿ, 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್ ಮತ್ತು ವೀಸಾ ವಿವರವನ್ನು ನೋಂದಣಿ ಅಧಿಕಾರಿಗೆ ಕಳಿಸಬೇಕು. ಗದಗ ಜಿಲ್ಲೆಯಲ್ಲಿ ಆ ಅಧಿಕಾರಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ. ಲಕ್ಕುಂಡಿ ನೋಡಲು ಬಂದವರಿಗೆ ಮನೆ ಬಾಡಿಗೆ ಕೊಡುವವರು ಆ ಒಂದು ಹಾಳೆಯನ್ನು ತುಂಬಿ ಕಳಿಸಿ, ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿಯೊಂದನ್ನು ತಮ್ಮ ಬಳಿ ಇಟ್ಟುಕೊಳ್ಳಿ. ಮುಂದೊಂದು ದಿನ ರಾಯಭಾರ ಕಚೇರಿ ಮೊದಲು ಕೇಳುವುದು ಅದನ್ನೇ.